ಚೆನ್ನಾಗಿ ಓಡಿಸಿದ್ದಕ್ಕೆ ದಂಡ!

ಒಬ್ಬ ಹುಡುಗ ವರ್ಷವಿಡೀ ಕಷ್ಟಪಟ್ಟು ತನ್ನ ಆಟ ಸುಧಾರಿಸಿಕೊಳ್ಳುತ್ತಾನೆ. ಅವನ ತಂಡವೂ ಗೆಲ್ಲುತ್ತದೆ. ವರ್ಷದ ಕೊನೆಗೆ ಅವನನ್ನು ಕರೆದು, "ತುಂಬಾ ಚೆನ್ನಾಗಿ ಆಡಿದೆಯಪ್ಪಾ, ಅದಕ್ಕೇ ಮುಂದಿನ ವರ್ಷ ನಿನಗೆ ಇಲ್ಲಿ ಜಾಗ ಇಲ್ಲ" ಅಂದರೆ ಹೇಗಿರುತ್ತೆ? ತಮಾಷೆ ಅಲ್ಲ ಸ್ವಾಮಿ. ಬ್ರಿಟನ್ನಿನ ಸ್ಪೀಡ್‌ವೇ ರೇಸಿನಲ್ಲಿ ಇಂಥದ್ದು ನಡೆಯುವುದಕ್ಕೆ ನಿಯಮಗಳಲ್ಲೇ ದಾರಿ ಇದೆ. ಆ ನಿಯಮದ ಉದ್ದೇಶ ಒಳ್ಳೆಯದು, ಆದರೆ ಅದು ತಪ್ಪು ಜಾಗದಲ್ಲಿ ಕತ್ತರಿ ಹಾಕುತ್ತಿದೆ ಅನ್ನೋದು ನನ್ನ ವಾದ.

ಸ್ಪೀಡ್‌ವೇ ಅಂದರೆ ಕಾರು ರೇಸು ಅಂದುಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಅಲ್ಲ, ಇದು ಬೈಕಿನ ಆಟ. 500 ಸಿಸಿ ಎಂಜಿನ್, ಮೆಥನಾಲ್ ಇಂಧನ, ಒಂದೇ ಗೇರು. ಬ್ರೇಕು? ಇಲ್ಲವೇ ಇಲ್ಲ! ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ಕು ಜನ, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಆಟ ಮುಗಿಯಿತು. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸಿಕೊಂಡು ಹೋಗುತ್ತಾರೆ. 1928ರ ಫೆಬ್ರವರಿಯಲ್ಲಿ ಲಂಡನ್ ಹತ್ತಿರದ ಹೈ ಬೀಚ್‌ನಲ್ಲಿ ನಡೆದ ರೇಸಿನ ನಂತರ ಇದು ಬ್ರಿಟನ್ನಿನಲ್ಲಿ ಜನಪ್ರಿಯವಾಯಿತು. ಮ್ಯಾಂಚೆಸ್ಟರಿನ ಬೆಲ್ ವ್ಯೂ, ಇಪ್ಸ್‌ವಿಚ್, ಪೂಲ್, ಶೆಫೀಲ್ಡ್ ಹೀಗೆ ಊರಿಗೊಂದು ತಂಡ. ಸಾಮಾನ್ಯವಾಗಿ ಒಂದು ತಂಡಕ್ಕೆ ಏಳು ಜನ. ಎರಡು ತಂಡಗಳ ಪಂದ್ಯದಲ್ಲಿ 15 ಹೀಟುಗಳು, ಪ್ರತಿ ಹೀಟಿನಲ್ಲೂ ಎರಡೂ ಕಡೆಯಿಂದ ಇಬ್ಬಿಬ್ಬರು.

ಈಗ ಲೆಕ್ಕಕ್ಕೆ ಬರೋಣ (ಎಂಜಿನಿಯರಿಂಗ್ ಓದಿದವನ ಚಟ, ಸಹಿಸಿಕೊಳ್ಳಿ :-) ). ಮೊದಲು ಬಂದವನಿಗೆ 3 ಪಾಯಿಂಟು, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಎದುರಾಳಿಯೊಬ್ಬನನ್ನು ಹಿಂದೆ ಹಾಕಿ, ತನ್ನದೇ ತಂಡದ ಜೊತೆಗಾರನ ಬೆನ್ನಿಗೇ ಗುರಿ ಮುಟ್ಟಿದರೆ ಒಂದು ಬೋನಸ್ ಪಾಯಿಂಟು. ಬೋನಸ್ ತಂಡದ ಸ್ಕೋರಿಗೆ ಸೇರುವುದಿಲ್ಲ, ಸವಾರನ ಖಾತೆಗೆ ಮಾತ್ರ. ಜೊತೆಗಾರನನ್ನೇ ಹಿಂದಿಕ್ಕಲು ಹೋಗಿ ಇಬ್ಬರೂ ಬೀಳದಿರಲಿ ಅನ್ನುವ ಜಾಣತನ ಇದರಲ್ಲಿದೆ.

ಒಬ್ಬ ಸವಾರ ಒಂದು ಸೀಸನ್ನಿನಲ್ಲಿ 100 ಹೀಟು ಓಡಿಸಿ 190 ಪಾಯಿಂಟು, 10 ಬೋನಸ್ ಗಳಿಸಿದ ಅಂತಿಟ್ಟುಕೊಳ್ಳಿ. ಒಟ್ಟು 200. ಅದನ್ನು 100ರಿಂದ ಭಾಗಿಸಿ 4ರಿಂದ ಗುಣಿಸಿದರೆ 8.00. ಇದೇ ಅವನ ಸರಾಸರಿ, ಅಂದರೆ ನಾಲ್ಕು ಹೀಟಿಗೆ ಅವನು ತರುವ ಪಾಯಿಂಟು. ಒಂದು ಹೀಟನ್ನೂ ಸೋಲದವನಿಗೆ 12.00. ಬಲು ಚೆಂದದ ಅಳತೆ ಇದು. ಕ್ರಿಕೆಟ್ಟಿನ ಬ್ಯಾಟಿಂಗ್ ಸರಾಸರಿಯಲ್ಲಿ ನಾಟೌಟ್ ಉಳಿದವನಿಗೆ ಸಿಗುವ ಲಾಭದಂಥ ತಕರಾರು ಇಲ್ಲಿಲ್ಲ.

ತೊಂದರೆ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಹೊಸ ಸೀಸನ್ನಿಗೆ ತಂಡ ಕಟ್ಟುವಾಗ ಸವಾರರ ಸರಾಸರಿಗಳನ್ನೆಲ್ಲ ಕೂಡಬೇಕು, ಆ ಮೊತ್ತ ನಿಗದಿಯಾದ ಮಿತಿಯೊಳಗೇ ಇರಬೇಕು. ಐಪಿಎಲ್‌ನಲ್ಲಿ ಹರಾಜಿಗೆ ದುಡ್ಡಿನ ಮಿತಿ ಇರುತ್ತದಲ್ಲ, ಹಾಗೆ ಇಲ್ಲಿ ಪಾಯಿಂಟಿನ ಮಿತಿ. ಯಾಕೆ ಬೇಕಾಯಿತು? ದುಡ್ಡಿದ್ದ ಕ್ಲಬ್ಬು ಒಳ್ಳೆಯವರನ್ನೆಲ್ಲ ಬಾಚಿಕೊಂಡರೆ ಉಳಿದ ಊರುಗಳಲ್ಲಿ ನೋಡುವುದಕ್ಕೆ ಯಾರು ಬರುತ್ತಾರೆ? 1965ರಲ್ಲಿ ಎರಡು ಲೀಗುಗಳು ಸೇರಿ 18 ತಂಡಗಳ ಬ್ರಿಟಿಷ್ ಲೀಗ್ ಆದ ಕಾಲದಲ್ಲಿ ತಂಡಗಳನ್ನು ಸರಿದೂಗಿಸಲು ಮೇಲಿನವರೇ ಸವಾರರನ್ನು ಹಂಚುತ್ತಿದ್ದರು. ಆ ಕೆಲಸವನ್ನು ಆಮೇಲೆ ಪಾಯಿಂಟ್ ಮಿತಿಗೆ ಒಪ್ಪಿಸಲಾಯಿತು. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ.

ಮಿತಿ 40 ಅಂತ ಒಂದು ಉದಾಹರಣೆ ತೆಗೆದುಕೊಳ್ಳಿ. ತಂಡದ ಸರಾಸರಿಗಳು 8.50, 7.00, 6.50, 6.00, 5.00, 4.00, 3.00. ಕೂಡಿದರೆ ಸರಿಯಾಗಿ 40. ಸೀಸನ್ ಮುಗಿಯುವಷ್ಟರಲ್ಲಿ 4.00ರ ಹುಡುಗ 6.50ಕ್ಕೆ ಏರಿದ, 3.00ರವನು 5.00ಕ್ಕೆ. ಊರಿಗೆಲ್ಲ ಹಬ್ಬ. ಆದರೆ ತಂಡದ ಮೊತ್ತ ಈಗ 44.50! ನಾಲ್ಕೂವರೆ ಪಾಯಿಂಟು ಕಡಿಮೆ ಮಾಡಲೇಬೇಕು. 8.50ರವನನ್ನು ಬಿಡುವ ಹಾಗಿಲ್ಲ, ಜನ ಟಿಕೆಟ್ ಕೊಳ್ಳುವುದೇ ಅವನಿಗಾಗಿ. ಹಾಗಾಗಿ 6.50ರವನೊಬ್ಬನನ್ನು ಕಳಿಸಿ 2.00ರವನನ್ನು ತಂದು ಕೂರಿಸುತ್ತಾರೆ. ಹೋಗುವವನು ಹಳಬನೂ ಆಗಬಹುದು, ಮೇಲೇರಿದ ಆ ಹುಡುಗನೇ ಆಗಬಹುದು. ಅವನು ಮಾಡಿದ ತಪ್ಪೇನು?

"ಬೇರೆ ತಂಡಕ್ಕೆ ಹೋಗಲಿ ಬಿಡಿ" ಅನ್ನಬಹುದು. ಆದರೆ ಅಲ್ಲಿನ ಮ್ಯಾನೇಜರು ಹುಡುಕುವುದು ಯಾರನ್ನು ಗೊತ್ತೆ? ಕಾಗದದ ಮೇಲಿನ ಸಂಖ್ಯೆಗಿಂತ ನಿಜವಾದ ಸಾಮರ್ಥ್ಯ ಹೆಚ್ಚಿರುವವನನ್ನು. ಕಳೆದ ವರ್ಷ ಮೂಳೆ ಮುರಿದುಕೊಂಡು ಅರ್ಧಂಬರ್ಧ ಓಡಿಸಿ 8ರಿಂದ 6ಕ್ಕೆ ಇಳಿದವನು ಸಿಕ್ಕರೆ ಲಾಟರಿ ಹೊಡೆದ ಹಾಗೆ. ಅದೇ, 6.50ರ ಸಂಖ್ಯೆ ಹೊತ್ತು ಪ್ರತಿವಾರ 6.50ರ ಹಾಗೇ ಓಡಿಸುವವನು? ಅವನಲ್ಲಿ ಲಾಭ ಇಲ್ಲ. ಅಂದರೆ ಸರಿಯಾಗಿ ಅಳತೆಯಾದ ಪ್ರಾಮಾಣಿಕನೇ ಈ ಸಂತೆಯಲ್ಲಿ ಕೊನೆಗೆ ಉಳಿಯುವ ಸರಕು. ನನ್ನನ್ನು ಹೆಚ್ಚು ಚುಚ್ಚುವುದು ಇದೇ.

ಇನ್ನೊಂದು ವಿಷಯ. ಈ ಸವಾರರು ತಿಂಗಳ ಸಂಬಳದವರಲ್ಲ. ಬೈಕು, ಎಂಜಿನ್ ರಿಪೇರಿ, ಮೆಕ್ಯಾನಿಕ್ ಎಲ್ಲವೂ ಅವರದೇ ಖರ್ಚು, ದುಡಿಮೆ ಮುಖ್ಯವಾಗಿ ಗಳಿಸಿದ ಪಾಯಿಂಟಿನ ಮೇಲೆ. ಈ ವಾರದ ಊಟಕ್ಕೆ ಪಾಯಿಂಟು ಬೇಕು, ಮುಂದಿನ ವರ್ಷದ ಕೆಲಸಕ್ಕೆ ಅದೇ ಪಾಯಿಂಟು ಕುತ್ತು. ಕೂತ ಕೊಂಬೆಯನ್ನೇ ಕಡಿ ಅಂತ ಕೊಡಲಿ ಕೊಟ್ಟ ಹಾಗಲ್ಲವೇ ಇದು? ಹೋಗುವುದಕ್ಕೆ ಬೇಕಾದಷ್ಟು ತಂಡಗಳಿವೆಯೇ ಅಂದರೆ ಅದೂ ಇಲ್ಲ. 2023ರಲ್ಲಿ ಮೇಲಿನ ಲೀಗಾದ ಪ್ರೀಮಿಯರ್‌ಶಿಪ್‌ನಲ್ಲಿ ಇದ್ದದ್ದೇ ಏಳು ತಂಡ. ಆ ವರ್ಷದ ಕೊನೆಗೆ ವುಲ್ವರ್‌ಹ್ಯಾಂಪ್ಟನ್, ಪೀಟರ್‌ಬರೊ ಎರಡೂ ಕಡೆ ಸ್ಪೀಡ್‌ವೇ ನಿಂತುಹೋಯಿತು.

ಸೀಸನ್ನಿನ ಕೊನೆಯ ಪಂದ್ಯಗಳಲ್ಲಿ ಯಾರಾದರೂ ಕೊನೆಗೆ ಬಂದರೆ, "ಸರಾಸರಿ ಇಳಿಸಿಕೊಳ್ಳುತ್ತಿದ್ದಾನೆ" ಅನ್ನುವ ಗುಮಾನಿ ಬರುವುದೂ ಸಹಜ. ನಿಜವೋ ಸುಳ್ಳೋ, ಅದಲ್ಲ ಪ್ರಶ್ನೆ. ಬ್ರೇಕಿಲ್ಲದ ಬೈಕಿನ ಮೇಲೆ ಜೀವ ಒತ್ತೆಯಿಟ್ಟು ಓಡಿಸುವವನ ಮೇಲೆ ಇಂಥ ಅನುಮಾನಕ್ಕೆ ಎಡೆಮಾಡಿಕೊಡುವ ನಿಯಮ ಒಳ್ಳೆಯ ನಿಯಮವೇ? ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥವಾಗುತ್ತೆ. ಬರೆದ ಕೋಡಿನ ಸಾಲುಗಳನ್ನು ಎಣಿಸಿ ಬೆಲೆ ಕಟ್ಟಲು ಶುರುಮಾಡಿದರೆ ಸಾಲು ಬೆಳೆಯುತ್ತದೆ, ಪ್ರೋಗ್ರಾಮ್ ಬೆಳೆಯುವುದಿಲ್ಲ. ಅಳೆಯುವ ಕೋಲನ್ನೇ ನಾಣ್ಯ ಮಾಡಿದರೆ ಕೋಲೂ ಕೆಡುತ್ತದೆ, ವ್ಯಾಪಾರವೂ ಕೆಡುತ್ತದೆ.

ಬೇರೆ ದಾರಿ ಇಲ್ಲವೇ? ಪೋಲೆಂಡ್ ನೋಡಿ. ಈ ಆಟದ ದೊಡ್ಡ ದುಡ್ಡು ಇವತ್ತು ಇರುವುದು ಅಲ್ಲಿ. ಅಲ್ಲಿನ ಎಕ್ಸ್‌ಟ್ರಾಲೀಗಾದಲ್ಲಿ ಪ್ರತಿ ತಂಡದಲ್ಲೂ ಪೋಲಿಷ್ ಜೂನಿಯರ್‌ಗಳಿಗೆ ಕಡ್ಡಾಯ ಜಾಗ. 2021ರಿಂದ 24ರೊಳಗಿನವರಿಗೂ ಒಂದು ಜಾಗ. ಅಳತೆ ವಯಸ್ಸಿನದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಸರಾಸರಿ ಏರುವುದು ಶ್ರಮಪಟ್ಟರೆ ಮಾತ್ರ, ವಯಸ್ಸು ಸುಮ್ಮನೆ ಕೂತರೂ ಏರುತ್ತದೆ. ವಯಸ್ಸಿನ ಮೇಲೆ ಮಿತಿ ಹಾಕಿದರೆ ಯಾರಿಗೂ ಚೆನ್ನಾಗಿ ಓಡಿಸಿದ್ದಕ್ಕೆ ದಂಡ ಬೀಳುವುದಿಲ್ಲ. ತನ್ನ ಜಾಗ ಎಂದು ಮುಗಿಯುತ್ತದೆ ಅಂತ ಹುಡುಗನಿಗೆ ಮೊದಲೇ ಗೊತ್ತು, ಅಷ್ಟರೊಳಗೆ ಎಷ್ಟು ಬೆಳೆದರೂ ಲಾಭವೇ. ಬ್ರಿಟನ್ನಿನವರಿಗೂ ಇದು ಹೊಳೆಯದೇ ಇಲ್ಲ. 2014ರಲ್ಲಿ ಎಲೀಟ್ ಲೀಗಿನಲ್ಲಿ ಬ್ರಿಟಿಷ್ ಹುಡುಗರನ್ನು ಡ್ರಾಫ್ಟ್ ಮಾಡಿ ರಿಸರ್ವ್ ಜಾಗಗಳಿಗೆ ಹಂಚಿದರು, ನಂತರದ ವರ್ಷಗಳಲ್ಲಿ 'ರೈಸಿಂಗ್ ಸ್ಟಾರ್' ಅನ್ನುವ ಏರ್ಪಾಡು ಬಂತು. ಒಳ್ಳೆಯ ಹೆಜ್ಜೆಗಳೇ. ಆದರೆ ರಿಸರ್ವ್ ಜಾಗದಿಂದ ಬೆಳೆದು ಮೇಲೆ ಬಂದವನು ಮತ್ತೆ ಅದೇ ಮಿತಿಯ ಬಾಯಿಗೆ ಬೀಳುತ್ತಾನೆ.

ನನ್ನ ಸಲಹೆ ಸರಳ. ಮಿತಿ ಇರಲಿ. ಆದರೆ 23 ವರ್ಷದೊಳಗಿನ ಸವಾರ ಅದೇ ಕ್ಲಬ್ಬಿನಲ್ಲಿ ಉಳಿದರೆ, ಅವನು ಸೇರಿದ ದಿನದ ಸರಾಸರಿಯನ್ನೇ ಇನ್ನೆರಡು ವರ್ಷ ಲೆಕ್ಕಕ್ಕೆ ಹಿಡಿಯಲಿ. 4.00ರವನು 6.50 ಆದರೂ ಅವನನ್ನು ಬೆಳೆಸಿದ ಕ್ಲಬ್ಬಿಗೆ ಅವನು 4.00. ಬೇರೆಯವರು ಎಳೆದುಕೊಂಡರೆ ಅವರಿಗೆ 6.50. ಜೊತೆಗೆ, ಮಿತಿ ಎಷ್ಟೆಂದು ಎರಡು ವರ್ಷ ಮುಂಚೆಯೇ ಹೇಳಿಬಿಡಲಿ. ಕ್ಲಬ್ಬುಗಳನ್ನು ನಡೆಸುವ ಪ್ರೊಮೋಟರುಗಳೇ ಚಳಿಗಾಲದ ವಾರ್ಷಿಕ ಸಭೆಯಲ್ಲಿ ಕೂತು ಮುಂದಿನ ಸೀಸನ್ನಿನ ನಿಯಮ ತೀರ್ಮಾನಿಸಿದರೆ, ತಮ್ಮ ತಮ್ಮ ತಂಡ ಕಣ್ಣ ಮುಂದೆ ಇಟ್ಟುಕೊಂಡೇ ಕೈ ಎತ್ತುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹೀಗೆ ಮಾಡಿದರೆ ಒಂದೇ ತಂಡ ಎರಡು ಮೂರು ವರ್ಷ ಗೆಲ್ಲುತ್ತಾ ಹೋಗಬಹುದು, ಅದು ನಿಜ. ಇದು ಬಿಟ್ಟಿ ಬರುವ ಪರಿಹಾರವಲ್ಲ. ಆದರೆ ಆ ಗೆಲುವು ದುಡ್ಡು ಚೆಲ್ಲಿ ತಂದದ್ದಲ್ಲ, ಹುಡುಗರನ್ನು ಬೆಳೆಸಿ ಪಡೆದದ್ದು. ಮೂರನೇ ವರ್ಷಕ್ಕೆ ಲೆಕ್ಕ ಹೇಗೂ ಚುಕ್ತಾ ಆಗುತ್ತದೆ. ಪ್ರೇಕ್ಷಕನ ಕಡೆಯಿಂದಲೂ ಯೋಚಿಸಿ. ತನ್ನೂರಿನ ಮೂಲೆಯ ತಿರುವಿನಲ್ಲಿ ಬೀಳುತ್ತಾ ಏಳುತ್ತಾ ಕಲಿತ ಹುಡುಗನಿಗೆ ಚಪ್ಪಾಳೆ ಹೊಡೆದವನು, ಮುಂದಿನ ವರ್ಷ ಅದೇ ಹುಡುಗ ಎದುರಾಳಿ ಬಣ್ಣದಲ್ಲಿ ಬಂದರೆ ಯಾವ ತಂಡದವನಾಗಬೇಕು?

ತಂಡಗಳನ್ನು ಸಮ ಮಾಡುವುದು ಬೇರೆ, ಬೆಳೆದ ತಲೆಯನ್ನು ಕತ್ತರಿಸಿ ಸಮ ಮಾಡುವುದು ಬೇರೆ. ನಿಮಗೇನನ್ನಿಸುತ್ತದೆ? ಲೆಕ್ಕದಲ್ಲಿ ಇನ್ನೂ ಜಾಣ ದಾರಿ ಹೊಳೆದರೆ ಖಂಡಿತ ತಿಳಿಸಿ.