ಅಜ್ಜಿಯನ್ನು ಎಲ್ಲಿಟ್ಟಿರಿ?

ಹೋದ ತಿಂಗಳು ಒಂದು ಭಾನುವಾರ ರಾತ್ರಿ, ಊಟದ ಹೊತ್ತಿಗೆ ಟೀವಿಯಲ್ಲೊಂದು ಸಾಕ್ಷ್ಯಚಿತ್ರ ಬರುತ್ತಿತ್ತು. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಬೆಟ್ಟಗಳಲ್ಲಿರುವ ತೊರಾಜಾ ಜನರದು. ಅವರಲ್ಲಿ ಮನೆಯವರು ತೀರಿಕೊಂಡರೆ ಕೂಡಲೇ ಮಣ್ಣು ಮಾಡುವುದಿಲ್ಲ. ಅಂತ್ಯಸಂಸ್ಕಾರದ ದೊಡ್ಡ ಖರ್ಚಿಗೆ ಹಣ ಕೂಡಿಬರುವ ತನಕ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಲ್ಲಿಯವರೆಗೆ ಅವರು ಸತ್ತವರಲ್ಲ, ಬರೀ ಹುಷಾರಿಲ್ಲದವರು! ಹೊತ್ತು ಹೊತ್ತಿಗೆ ಊಟ ಮುಂದಿಡುತ್ತಾರೆ, ಮಾತಾಡಿಸುತ್ತಾರೆ.

ಉಣ್ಣುವಾಗ ಇದೇನೆಂದು ನಾನು ಚಾನೆಲ್ ಬದಲಿಸಲು ಹೋದೆ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳು ತಡೆದಳು. ಕಣ್ಣು ತುಂಬಿದ್ದವು.

‘ಅಪ್ಪಾ, ನಮ್ಮ ಅಜ್ಜೀನ ಆ ಗುಂಡ್ಯಾಗ ಒಗೆದರಲ್ಲ, ನೀನು ಯಾಕ ಸುಮ್ನಿದ್ದಿ?’

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ನಿಮಗೂ ನೆನಪಿರಬಹುದು. 2020ರ ಜೂನ್ 30ರಂದು, ಬಳ್ಳಾರಿಯಲ್ಲಿ ಕೊರೊನಾದಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆದ ವಿಡಿಯೊ ಎಲ್ಲ ಕಡೆ ಹರಿದಾಡಿತು. ಜಿಲ್ಲಾಧಿಕಾರಿಗಳು ಕ್ಷಮೆ ಕೇಳಿದರು, ಆ ತಂಡವನ್ನೇ ಬದಲಿಸಿದರು. ಅದಾಗಿ ಕೆಲವೇ ದಿನಗಳಲ್ಲಿ ಸಿರುಗುಪ್ಪದಲ್ಲಿ ನನ್ನ ಅವ್ವ ತೀರಿಕೊಂಡಳು. ಕೊರೊನಾ ಅಲ್ಲ, ವಯಸ್ಸಾಗಿತ್ತು. ಇಪ್ಪತ್ತೇ ಜನ ಸೇರಬೇಕೆಂಬ ನಿಯಮ ಬೇರೆ. ಮಗಳನ್ನು ಬಳ್ಳಾರಿಯಲ್ಲೇ ಪಕ್ಕದ ಮನೆಯಲ್ಲಿ ಬಿಟ್ಟು ಹೋದೆವು. ‘ಅಜ್ಜಿ ಆಸ್ಪತ್ರೆಯಲ್ಲಿದ್ದಾಳೆ’ ಎಂದೆವು. ಹದಿನೈದು ದಿನ ಕಳೆದ ಮೇಲೆ ‘ದೇವರ ಹತ್ತಿರ ಹೋದಳು’ ಎಂದೆವು. ಅಷ್ಟೇ.

ಉಳಿದದ್ದನ್ನು ಅವಳೇ ಜೋಡಿಸಿಕೊಂಡಿದ್ದಳು, ಟೀವಿಯಲ್ಲಿ ಕಂಡದ್ದರಿಂದ. ಮಕ್ಕಳೆದುರು ಸಾವಿನ ಮಾತು ಬೇಡವೆನ್ನುವ ನಾವು ಟೀವಿಯನ್ನು ಮಾತ್ರ ದಿನವಿಡೀ ಹಚ್ಚಿಟ್ಟಿದ್ದೆವು. ಐದು ವರ್ಷ ಆ ಗುಂಡಿಯನ್ನು ಒಬ್ಬಳೇ ಹೊತ್ತುಕೊಂಡಿದ್ದಾಳೆ ಹುಡುಗಿ.

ಅಂದು ರಾತ್ರಿ ಎಲ್ಲವನ್ನೂ ಹೇಳಿದೆ. ಅಜ್ಜಿಗೆ ಬಿಸಿನೀರು ಹಾಕಿದ್ದು, ಹಣೆಗೆ ವಿಭೂತಿ ಹಚ್ಚಿ ನಮ್ಮ ಪದ್ಧತಿಯಂತೆ ಕೂರಿಸಿದ್ದು. ಅಂಗಡಿಗಳೆಲ್ಲ ಮುಚ್ಚಿದ್ದರೂ ಅವಳ ತವರು ಕುರುಗೋಡಿನಿಂದ ನಮ್ಮ ಮಾವ ಬೈಕಿನಲ್ಲಿ ಹಸಿರು ಸೀರೆ ತಂದದ್ದು. ತವರಿನ ಸೀರೆ ಬಾರದೆ ಹೆಣ್ಣುಮಗಳನ್ನು ಎತ್ತುವಂತಿಲ್ಲವಲ್ಲ! ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ್ದು. ‘ನಂದು ಒಂದು ಹಿಡಿ ಉಳದೈತಿ’ ಎಂದಳು ಮಗಳು.

ಮುಂದಿನ ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆವು. ದಾರಿಯಲ್ಲಿ ತೆಕ್ಕಲಕೋಟೆ ಬಂತು. ಅಲ್ಲಿಯ ಬೆಟ್ಟದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದರು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿದ್ದ ಜನ ತೀರಿಕೊಂಡ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ತಾವಿದ್ದ ಜಾಗದಲ್ಲೇ ಹೂಳುತ್ತಿದ್ದರು. ಹೇಳಿದಾಗ ಮಗಳು ಕಿಟಕಿಯಿಂದ ಬಹಳ ಹೊತ್ತು ಆ ಬಂಡೆಗಳನ್ನೇ ನೋಡಿದಳು.

ಸಮಾಧಿಯ ಮೇಲೆ ತನ್ನ ಹಿಡಿ ಮಣ್ಣು ಹಾಕಿ ಪಕ್ಕದಲ್ಲೇ ಕುಳಿತಳು. ತೊರಾಜಾ ಮಕ್ಕಳಂತೆ ಮೆಲ್ಲಗೆ ಏನೋ ಮಾತಾಡಿದಳು. ನಾನು ದೂರ ನಿಂತಿದ್ದೆ. ಗಣಿತದ ಟೆಸ್ಟಿನಲ್ಲಿ ಬಂದ ಅಂಕವನ್ನು ಅಜ್ಜಿಗೆ ಹೇಳುತ್ತಿದ್ದಳು. ನಮಗಿನ್ನೂ ಹೇಳಿರಲಿಲ್ಲ.