ಬೂಷ್ಟು ಗೃಹಿಣಿಯ ತಪ್ಪಲ್ಲ

ಮಳೆ ಹಿಡಿದ ಮನೆಯ ಗೋಡೆಯಲ್ಲಿ ಕಪ್ಪು, ಪೆಟ್ಟಿಗೆಯ ಬಟ್ಟೆಗಳಲ್ಲಿ ಬಿಳಿ ಬೂಷ್ಟು ಕಾಣಿಸಿಕೊಂಡೊಡನೆ ಮನೆಯ ಹೆಂಗಸು ಕೇಳಬೇಕಾದ ಮೊದಲ ಮಾತು ‘ಮನೆ ಚೊಕ್ಕಟವಾಗಿಟ್ಟುಕೊಳ್ಳಬಾರದೇ?’ ಎಂಬುದು. ಈ ಮಾತು ಅವೈಜ್ಞಾನಿಕವೂ ಹೌದು, ಅನ್ಯಾಯವೂ ಹೌದು. ಶಿಲೀಂಧ್ರದ ಬೀಜಕಗಳು ಎಲ್ಲ ಮನೆಗಳ ಗಾಳಿಯಲ್ಲೂ ಸದಾ ಇರುತ್ತವೆ. ಅವು ಮೊಳೆಯಲು ಕಾಯುವುದು ತೇವಕ್ಕಾಗಿ. ಒಂದೆರಡು ದಿನಗಳಲ್ಲಿ ಆರದ ಗೋಡೆಯಲ್ಲಿ ಬೂಷ್ಟು ಹಿಡಿದೇ ಹಿಡಿಯುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಗೋಡೆಗೆ ನೀರು ಬಂದದ್ದೆಲ್ಲಿಂದ? ಅದು ಆರದಂತೆ ಮಾಡಿದವರಾರು?

2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಮನೆಗಳಿಗೆ ನುಗ್ಗಿತು. ಹೇಮಾವತಿಯ ದಂಡೆಯಲ್ಲಿರುವ ಹೊಳೆನರಸೀಪುರಕ್ಕೆ ಗೊರೂರು ಅಣೆಕಟ್ಟೆಯಿಂದ ನೀರು ಬಿಟ್ಟಾಗಲೆಲ್ಲ ಇದೇ ಆತಂಕ. 2019ರಲ್ಲಿ ಸರ್ಕಾರ ನೀರು ನುಗ್ಗಿದ ಮನೆಗೆ 10,000 ರೂಪಾಯಿ, ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ನಷ್ಟವನ್ನು ಅಳೆದದ್ದು ಮನೆ ಎಷ್ಟು ಪಾಲು ಕುಸಿದಿದೆ ಎಂಬ ಲೆಕ್ಕದಲ್ಲಿ. ನಿಂತೇ ಇದ್ದು, ತಿಂಗಳುಗಟ್ಟಲೆ ನೀರು ಕುಡಿದ ಗೋಡೆಗೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಅದರ ಪಕ್ಕದಲ್ಲಿ ಮಲಗುವ ಮಗುವಿನ ಕೆಮ್ಮಿಗಂತೂ ಕಾಲಂ ಇರಲಿಲ್ಲ.

ಇದು ಮಲೆನಾಡಿನ ಕಷ್ಟ, ಬಯಲಿಗೆ ತಟ್ಟದು ಎಂಬ ಭ್ರಮೆಯೂ ಬೇಡ. 2021ರ ನವೆಂಬರ್‌ನ ಅಕಾಲಿಕ ಮಳೆ ದಕ್ಷಿಣ ಒಳನಾಡಿನಲ್ಲೆಲ್ಲ ಕೊಯ್ಲಿಗೆ ಬಂದ ರಾಗಿಯನ್ನು ನೆನೆಸಿತು. ಒಣಭೂಮಿಯ ಚನ್ನರಾಯಪಟ್ಟಣದಂಥ ಸೀಮೆಯಲ್ಲಿ ಮನೆ ಕಟ್ಟುವವರು ಇಂಥ ಮಳೆಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಹೆಂಚಿನ ಮನೆಗೆ ಗೋಡೆಯಿಂದಾಚೆ ಚಾಚಿದ ಸೂರಿತ್ತು, ಎತ್ತರದ ಜಗಲಿಯಿತ್ತು, ಉಸಿರಾಡುವ ಸುಣ್ಣದ ಗಾರೆಯಿತ್ತು. ಒಲೆಯ ಹೊಗೆ ಅಟ್ಟವನ್ನು ಒಣಗಿಸುತ್ತಿತ್ತು. ಆ ಹೊಗೆ ಹೆಂಗಸರ ಶ್ವಾಸಕೋಶವನ್ನು ಸುಟ್ಟಿತು. ಅದು ಮರಳಿ ಬರಬೇಕಿಲ್ಲ. ಆದರೆ ಸೂರನ್ನು ಕಳೆದುಕೊಳ್ಳಲು ಕಾರಣವೇನಿತ್ತು? ಇಂದು ಸರ್ಕಾರಿ ಯೋಜನೆಯ ಹೆಸರಿನಲ್ಲಾಗಲಿ ಸ್ವಂತ ಸಾಲದಲ್ಲಾಗಲಿ ಏಳುತ್ತಿರುವುದು ಬಹುಪಾಲು ತಗ್ಗು ಪಾಯದ, ಸೂರಿಲ್ಲದ, ಒಂದೇ ಕಿಟಕಿಯ ಸಿಮೆಂಟ್ ಪೆಟ್ಟಿಗೆ. ಮಣ್ಣಿನ ಗೋಡೆಗೂ ಸಿಮೆಂಟ್ ಬಳಿದು ಒಳಗಿನ ತೇವವನ್ನು ಒಳಗೇ ಬಂಧಿಸಲಾಗುತ್ತಿದೆ. ಮೇಲೆ ಬಣ್ಣ ಬಳಿದರೆ ಬೂಷ್ಟು ಮರೆಯಾಗುತ್ತದೆಯೇ ಹೊರತು ಸಾಯುವುದಿಲ್ಲ.

ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಮಗುವೊಂದು ಬಾಡಿಗೆ ಮನೆಯ ಬೂಷ್ಟಿನಿಂದ ತೀರಿಕೊಂಡಿತು. ಪೋಷಕರು ದೂರಿದಾಗ ಅವರ ಜೀವನಕ್ರಮವನ್ನೇ ಹಳಿಯಲಾಗಿತ್ತು. 2022ರಲ್ಲಿ ವಿಚಾರಣೆ ಸತ್ಯವನ್ನು ಹೊರಗಿಟ್ಟಿತು. 2023ರಲ್ಲಿ ಅಲ್ಲಿ ಕಾನೂನೇ ಬಂತು. ಮನೆಯ ದೋಷವನ್ನು ಮನೆಯವರ ಮೇಲೆ ಹೊರಿಸುವ ಚಾಳಿಗೆ ದೇಶಭೇದವಿಲ್ಲ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದಿಷ್ಟು. ಮೊದಲು ಸೋರಿಕೆ ನಿಲ್ಲಿಸಿ, ಗೋಡೆಯ ಬುಡದ ನೀರು ಹರಿದುಹೋಗುವಂತೆ ಕಾಲುವೆ ತೆಗೆಯಬೇಕು. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಿದರೆ ಬೀಜಕಗಳು ಮನೆತುಂಬ ಹರಡುತ್ತವೆ. ಮೂಗು ಬಾಯಿ ಮುಚ್ಚಿಕೊಂಡು ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಬ್ಲೀಚಿಂಗ್ ಪುಡಿಯನ್ನು ಆಸಿಡ್‌ನೊಂದಿಗೆ ಎಂದೂ ಬೆರೆಸಬಾರದು; ಹೊಮ್ಮುವ ಕ್ಲೋರಿನ್ ಪ್ರಾಣಾಂತಕ. ಗೋಡೆ ಪೂರ್ತಿ ಆರಿದ ಮೇಲೆ ಸುಣ್ಣ ಬಳಿಯಬೇಕು. ಅದರ ಕ್ಷಾರಗುಣ ಬೂಷ್ಟಿಗೆ ಒಗ್ಗದು. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯನ್ನು ‘ದನಕ್ಕಾದೀತು’ ಎನ್ನಬಾರದು. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗದು.

ಆದರೆ ಒರೆಸುವ ಬಟ್ಟೆಯಿಂದ ನೀತಿಯ ದೋಷ ತೊಳೆದುಹೋಗದು. ಗ್ರಾಮಸಭೆಗಳು ಮೂರು ಮಾತನ್ನು ಬರೆಸಲೇಬೇಕು: ಪರಿಹಾರದ ಸಮೀಕ್ಷೆಯಲ್ಲಿ ತೇವ ಹಿಡಿದ ಮನೆಯೂ ಸೇರಲಿ, ಸರ್ಕಾರಿ ಹಣದ ಪ್ರತಿ ಮನೆಗೂ ಎತ್ತರದ ಪಾಯ, ಚಾಚಿದ ಸೂರು, ಎದುರುಬದುರು ಕಿಟಕಿ ಕಡ್ಡಾಯವಾಗಲಿ, ಪ್ರವಾಹದ ನಂತರ ಗೋಡೆ ಆರುವವರೆಗೆ ಎಳೆಯರಿಗೆ, ಉಬ್ಬಸದವರಿಗೆ ಒಣ ನೆಲೆ ಸಿಗಲಿ.