ಹಳೇ ಎಲ್‌ಪಿ ರೆಕಾರ್ಡುಗಳು: ಕಿವಿಗೆ ಕೇಳುವುದೆಷ್ಟು, ನಂಬಿಕೆ ಕೇಳಿಸುವುದೆಷ್ಟು?

ಹಳೆಯ ಜಾಜ್ ರೆಕಾರ್ಡುಗಳನ್ನು ಕೂಡಿಡುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಟೇಪಿನಿಂದ ನೇರವಾಗಿ ತಟ್ಟೆಗೆ ಇಳಿದ ಸಂಗೀತಕ್ಕೆ ಜೀವವಿರುತ್ತದೆ, ನಡುವೆ ಎಲ್ಲಾದರೂ ಡಿಜಿಟಲ್ ಹೆಜ್ಜೆ ಬಂದರೆ ಆ ಜೀವ ಹೋಗುತ್ತದೆ, ಪಳಗಿದ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ ಎನ್ನುವುದು ಆ ನಂಬಿಕೆ. ಇದಕ್ಕೆ 2022ರಲ್ಲಿ ಯಾರೂ ಏರ್ಪಡಿಸದ ಒಂದು ಪರೀಕ್ಷೆ ನಡೆದುಹೋಯಿತು.

ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಸಂಸ್ಥೆ ಹಳೆಯ ಆಲ್ಬಮ್‌ಗಳನ್ನು ಮತ್ತೆ ಅಚ್ಚು ಹಾಕಿ ಮಾರುತ್ತದೆ. ಬಿಲ್ ಇವಾನ್ಸ್, ಚಾರ್ಲ್ಸ್ ಮಿಂಗಸ್‌ರಂಥ ಜಾಜ್ ದಿಗ್ಗಜರ ಆಲ್ಬಮ್‌ಗಳು ಅದರ ಪಟ್ಟಿಯಲ್ಲಿವೆ. 'ಒನ್ ಸ್ಟೆಪ್' ಎಂದು ಕರೆಯಲಾಗುವ ಅದರ ದುಬಾರಿ ತಟ್ಟೆಗಳ ಬೆಲೆ ನೂರು ಡಾಲರ್ ದಾಟುತ್ತದೆ. ಶುದ್ಧ ಅನಲಾಗ್ ದನಿ ಎಂದರೆ ಹೀಗಿರಬೇಕು ಎಂದು ಹೊಗಳುವವರಿಗೆ ಕೊರತೆಯಿರಲಿಲ್ಲ. 2022ರ ಜುಲೈನಲ್ಲಿ ಅರಿಜೋನಾದ ಒಬ್ಬ ರೆಕಾರ್ಡು ಅಂಗಡಿಯವರು, ಈ ತಟ್ಟೆಗಳ ತಯಾರಿಕೆಯಲ್ಲಿ ಡಿಜಿಟಲ್ ಕಡತ ಬಳಸುತ್ತಾರೆಂದು ತಮಗೆ ತಿಳಿದುಬಂದಿದೆ ಎಂದು ವಿಡಿಯೊ ಹಾಕಿದರು. ಸಂಸ್ಥೆಯ ಎಂಜಿನಿಯರುಗಳೇ ಅದನ್ನು ಒಪ್ಪಿಕೊಂಡರು. ವರ್ಷಗಳಿಂದಲೂ ಮೂಲ ಟೇಪನ್ನು ಮೊದಲು ಡಿಜಿಟಲ್ ರೂಪಕ್ಕೆ ತಂದು, ಅದರಿಂದ ತಟ್ಟೆ ಕೊರೆಯುತ್ತಿದ್ದರಂತೆ. ಸಿಟ್ಟಾದ ಗ್ರಾಹಕರು ನ್ಯಾಯಾಲಯಕ್ಕೆ ಹೋದರು, ಹಣ ಮರಳಿಸುವ ರಾಜಿಯೂ ಆಯಿತು.

ಗುಟ್ಟು ಬಯಲಾದದ್ದು ಕಿವಿಯಿಂದಲ್ಲ, ಬಾಯಿಂದ. ಅದಕ್ಕೂ ಮೊದಲು ಕೆಲವರಿಗೆ ಅನುಮಾನ ಬಂದದ್ದು ಲೆಕ್ಕದಿಂದ. ಸಾಮಾನ್ಯವಾಗಿ ಮೆರುಗೆಣ್ಣೆಯಂಥ ಲ್ಯಾಕರ್ ಬಳಿದ ತಟ್ಟೆಯ ಮೇಲೆ ಸಂಗೀತ ಕೊರೆಯುತ್ತಾರೆ. ಅದರಿಂದ ಲೋಹದ ಅಚ್ಚು, ಅದರಿಂದ ಇನ್ನೊಂದು, ಆಮೇಲೆ ಒತ್ತುವ ಅಚ್ಚು ಎಂದು ಮೂರು ತಲೆಮಾರು ದಾಟುತ್ತಾರೆ. 'ಒನ್ ಸ್ಟೆಪ್' ವಿಧಾನದಲ್ಲಿ ಮೊದಲ ಲೋಹದ ಅಚ್ಚಿನಿಂದಲೇ ತಟ್ಟೆ ಒತ್ತುತ್ತಾರೆ. ಹೆಜ್ಜೆ ಕಡಿಮೆ, ಆದರೆ ಒಂದು ಅಚ್ಚಿನಿಂದ ಬರುವ ತಟ್ಟೆಗಳೂ ಕಡಿಮೆ. ಹೀಗಿರುವಾಗ ಒಂದು ಪ್ರಸಿದ್ಧ ಆಲ್ಬಮ್ಮಿನ 40,000 ಪ್ರತಿ ತರುತ್ತೇವೆಂದು ಸಂಸ್ಥೆ ಘೋಷಿಸಿದಾಗ, ಅಷ್ಟು ಸಲ ಮೂಲ ಟೇಪನ್ನು ಓಡಿಸಲು ಯಾರು ಬಿಡುತ್ತಾರೆ ಎಂಬ ಪ್ರಶ್ನೆ ಎದ್ದಿತ್ತು.

ಹಾಗಾದರೆ ವಿನೈಲಿನ ದನಿ ಬೇರೆ ಎನ್ನುವುದೇ ಸುಳ್ಳೇ? ಇಲ್ಲ. ಅದು ಬೇರೆಯೇ. ಆದರೆ ಕಾರಣ ಬೇರೆ.

ಎಲ್‌ಪಿಯ ಒಂದು ಮಗ್ಗುಲಲ್ಲಿ ಇರುವುದು ಹೊರಗಿನಿಂದ ಒಳಗೆ ಸುತ್ತುವ ಒಂದೇ ಒಂದು ಜಾಡು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂಚಿನಲ್ಲಿರುವಾಗ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಜಾಡು ಹಾದುಹೋಗುತ್ತದೆ, ಮಧ್ಯದ ಚೀಟಿಯ ಹತ್ತಿರ ಬರುವಾಗ ಸುಮಾರು 20 ಸೆಂಟಿಮೀಟರ್ ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಹಾಗಾಗಿ ಪ್ರತಿ ಮಗ್ಗುಲಿನ ಕೊನೆಯ ಹಾಡಿನಲ್ಲಿ ತಾರಸ್ಥಾಯಿಯ ದನಿಗಳು, ಗಾಯಕಿಯ 'ಸ'ಕಾರಗಳು ಒಡೆದಂತೆ ಕೇಳುತ್ತವೆ. ಇನ್ನು ಮಂದ್ರದ ದನಿಗೆ ಮುಳ್ಳು ಅಗಲವಾಗಿ ಓಲಾಡಬೇಕಾಗುತ್ತದೆ. ಅದನ್ನು ಇದ್ದ ಹಾಗೆ ಕೊರೆದರೆ ಒಂದು ಮಗ್ಗುಲಿನಲ್ಲಿ ಕೆಲವೇ ನಿಮಿಷದ ಸಂಗೀತ ಹಿಡಿಸೀತು. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ, ನುಡಿಸುವಾಗ ಆಂಪ್ಲಿಫೈಯರು ಅದನ್ನು ತಿರುವುಮುರುವು ಮಾಡಿ ಸರಿದೂಗಿಸುತ್ತದೆ. ಈ ಏರುತಗ್ಗಿನ ಪ್ರಮಾಣಕ್ಕೆ ಅಮೆರಿಕದ ಕಂಪನಿಗಳೆಲ್ಲ ಒಂದೇ ಅಳತೆ ಒಪ್ಪಿಕೊಂಡದ್ದು 1954ರಲ್ಲಿ. ಅದಕ್ಕಿಂತ ಹಳೆಯ ಎಲ್‌ಪಿಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಅಳತೆ. ಅವನ್ನು ಇಂದಿನ ಉಪಕರಣದಲ್ಲಿ ನುಡಿಸಿ, ಮೂಗಿನಿಂದ ಬಂದಂಥ ದನಿ ಕೇಳಿ, "ಆಹಾ, ಹಳೆಯ ಕಾಲದ ದನಿ" ಎಂದು ಮೆಚ್ಚುವವರಿದ್ದಾರೆ. ಅದು ಕಾಲದ ದನಿಯಲ್ಲ, ತಪ್ಪು ಅಳತೆಯ ದನಿ.

ಅಳತೆಗೋಲು ಹಿಡಿದರೆ ಎಲ್‌ಪಿ ಸಿ.ಡಿ.ಗಿಂತ ಹಿಂದೆ. ಅತಿ ಮೆಲುದನಿಗೂ ಅತಿ ಜೋರಿಗೂ ನಡುವಿನ ಅಂತರ ಒಳ್ಳೆಯ ಎಲ್‌ಪಿಯಲ್ಲಿ ಸುಮಾರು 70 ಡೆಸಿಬೆಲ್, ಸಿ.ಡಿ.ಯಲ್ಲಿ 96. ಡಿಜಿಟಲ್ ದನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ನಡುವಿನದ್ದು ಕಳೆದುಹೋಗುತ್ತದೆ ಎಂಬ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಆ ಚಿತ್ರ ದಾರಿ ತಪ್ಪಿಸುವಂಥದ್ದು. ಸೆಕೆಂಡಿಗೆ 44,100 ಸಲ ಅಳೆದ ದನಿಯಿಂದ ಮನುಷ್ಯರ ಕಿವಿಗೆ ನಿಲುಕುವ 20,000 ಹರ್ಟ್ಸ್‌ವರೆಗಿನ ಅಲೆಯನ್ನು ನಯವಾಗಿಯೇ ಮರಳಿ ಕಟ್ಟಬಹುದು. ಸ್ಪೀಕರಿಗೆ ಹೋಗುವುದು ಆ ನಯವಾದ ಅಲೆ, ಮೆಟ್ಟಿಲಲ್ಲ.

ಆದರೂ 1958ರ ತಟ್ಟೆಯೊಂದು ಅದೇ ಆಲ್ಬಮ್ಮಿನ ಸಿ.ಡಿ.ಗಿಂತ ಸೊಗಸಾಗಿ ಕೇಳುವುದುಂಟು. ತಟ್ಟೆ ಕೊರೆದಾಗ ಟೇಪು ಹೊಸದಾಗಿತ್ತು, ಸಿ.ಡಿ. ಮಾಡುವ ಹೊತ್ತಿಗೆ ಅದಕ್ಕೆ ಮೂವತ್ತು ವರ್ಷ, ಕೆಲವೊಮ್ಮೆ ಕೈಗೆ ಸಿಕ್ಕಿದ್ದು ಟೇಪಿನ ನಕಲಿನ ನಕಲು. ಜೊತೆಗೆ 1990ರ ದಶಕದಿಂದ ಎಲ್ಲವನ್ನೂ ಜೋರಾಗಿ ಕೇಳಿಸುವ ಚಾಳಿ ಶುರುವಾಗಿ, ಏರಿಳಿತಗಳನ್ನೆಲ್ಲ ಚಪ್ಪಟೆ ಮಾಡಿದ ಸಿ.ಡಿ.ಗಳು ಬಂದವು. ಇವೆರಡೂ ಮನುಷ್ಯರು ಮಾಡಿದ ಆಯ್ಕೆಗಳು, ಮಾಧ್ಯಮದ ಗುಣವಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ. ಮೊದಲ ಅಚ್ಚು ಎಂಬ ಎರಡು ಪದಕ್ಕೆ ಸಂಗ್ರಹಕಾರರು ಸಾವಿರಾರು ಡಾಲರ್ ಕೊಡುತ್ತಾರೆ. ನ್ಯೂಯಾರ್ಕಿನ ಬ್ಲೂ ನೋಟ್ ಕಂಪನಿಯ ತಟ್ಟೆಗಳಲ್ಲಿ ಇದು ಒಂದು ಶಾಸ್ತ್ರವೇ ಆಗಿಬಿಟ್ಟಿದೆ. ಚೀಟಿಯ ಮೇಲಿನ ವಿಳಾಸ ಲೆಕ್ಸಿಂಗ್ಟನ್ ಅವೆನ್ಯೂ ಇದೆಯೇ, ವೆಸ್ಟ್ 63ನೇ ಬೀದಿ ಇದೆಯೇ ಎಂದು ನೋಡುತ್ತಾರೆ. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್‌ರ ಗುರುತು ಇದೆಯೇ ಎಂದು ಹುಡುಕುತ್ತಾರೆ. ಪ್ಲಾಸ್ಟಿಲೈಟ್ ಕಾರ್ಖಾನೆ ಒತ್ತಿದ್ದಕ್ಕೆ ಸಾಕ್ಷಿಯಾಗಿ ಕಿವಿಯಾಕಾರದ ಒಂದು ಪುಟ್ಟ ಗೀಚು ಇರಬೇಕು. 1966ರಲ್ಲಿ ಬ್ಲೂ ನೋಟ್ ಕಂಪನಿ ಲಿಬರ್ಟಿಯ ಕೈಸೇರಿದ ಮೇಲೆ ಆ ಕಿವಿ ಮಾಯವಾಯಿತು.

ಈ ಗುರುತುಗಳಲ್ಲಿ ಕೆಲವಕ್ಕೆ ಅರ್ಥವಿದೆ. ವ್ಯಾನ್ ಗೆಲ್ಡರ್ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕಿನಲ್ಲಿ, ತಂದೆತಾಯಿಯ ಮನೆಯ ಹಜಾರದಲ್ಲೇ ಧ್ವನಿಮುದ್ರಣ ಮಾಡುತ್ತಿದ್ದವರು. ಟೇಪನ್ನು ಮುದ್ರಿಸಿದ ಕೈಯೇ ತಟ್ಟೆಯನ್ನೂ ಕೊರೆದಿದೆ ಎಂಬುದನ್ನು ಅವರ ಗುರುತು ಹೇಳುತ್ತದೆ, ಅದು ದನಿಗೆ ಸಂಬಂಧಿಸಿದ ಮಾಹಿತಿ. ಆದರೆ ಚೀಟಿಯ ಮೇಲೆ ಉಂಗುರದಂತೆ ಮೂಡಿರುವ ಆಳವಾದ ಗೆರೆಗೂ ಜನ ಹೆಚ್ಚು ಹಣ ಕೊಡುತ್ತಾರೆ. ಅದು ಹಳೆಯ ಒತ್ತುಯಂತ್ರದ ಅಚ್ಚು ಬಿಟ್ಟ ಕಲೆ, ಅಷ್ಟೆ. ಅಲ್ಲಿಗೆ ಮುಳ್ಳು ಹೋಗುವುದೇ ಇಲ್ಲ. ಅದು ವಯಸ್ಸಿನ ಸುಳಿವು ಕೊಡಬಹುದು, ಸಂಗೀತಕ್ಕೆ ಏನನ್ನೂ ಕೊಡುವುದಿಲ್ಲ.

ಮೊದಲ ಅಚ್ಚೇ ಪ್ರಮಾಣ ಎನ್ನುವವರು ಮೈಲ್ಸ್ ಡೇವಿಸ್‌ರ 'ಕೈಂಡ್ ಆಫ್ ಬ್ಲೂ' ಕಥೆ ಕೇಳಬೇಕು. 1959ರ ಮಾರ್ಚ್ 2ರಂದು ಅದರ ಮೊದಲ ಮೂರು ರಚನೆಗಳ ಧ್ವನಿಮುದ್ರಣವಾದಾಗ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಸಂಗೀತ ತುಸು ವೇಗವಾಗಿ, ಶ್ರುತಿ ತುಸು ಮೇಲಾಗಿ ಬಂತು. ಆಲ್ಬಮ್ಮಿನ ಮೊದಲ ಮಗ್ಗುಲು ಪೂರ್ತಿ ಹಾಗೆಯೇ ಅಚ್ಚಾಯಿತು. ಅದರ ಜೊತೆಗೆ ಪಿಯಾನೊ ನುಡಿಸಿ ಕಲಿತ ಎಷ್ಟು ಮಂದಿ ತಮ್ಮ ಪಿಯಾನೊವನ್ನೇ ಬೈದುಕೊಂಡರೋ! ಬೇರೊಂದು ಯಂತ್ರದಲ್ಲಿ ಜೊತೆಯಲ್ಲೇ ಮುದ್ರಿಸಿಟ್ಟಿದ್ದ ಟೇಪಿನ ನೆರವಿನಿಂದ ಇದನ್ನು ತಿದ್ದಿದ್ದು 1992ರಲ್ಲಿ. ಅಂದರೆ ಈ ಆಲ್ಬಮ್ಮಿನ ಅತಿ ದುಬಾರಿ ಪ್ರತಿಯಲ್ಲಿ ಶ್ರುತಿ ತಪ್ಪು, ಅಗ್ಗದ ಸಿ.ಡಿ.ಯಲ್ಲಿ ಸರಿ.

ಗಾಯನದ ಆಲ್ಬಮ್‌ಗಳಲ್ಲಿ ಎಡವುವುದು 'ಸ್ಟೀರಿಯೊ' ಎಂಬ ಪದದಿಂದ. ಸ್ಟೀರಿಯೊ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1957–58ರ ಹೊತ್ತಿಗೆ. ಅದಕ್ಕೆ ಮೊದಲಿನ ಫ್ರ್ಯಾಂಕ್ ಸಿನಾಟ್ರಾರಂಥವರ ಹಾಡುಗಳು ಮೊನೊ, ಅಂದರೆ ಒಂದೇ ವಾಹಿನಿ. ಆಮೇಲೆ ಸ್ಟೀರಿಯೊ ಹುಚ್ಚು ಏರಿದಾಗ ಕಂಪನಿಗಳು ಹಳೆಯ ಮೊನೊ ಟೇಪನ್ನೇ ತೆಗೆದು, ಒಂದು ಕಡೆ ಮಂದ್ರ, ಇನ್ನೊಂದು ಕಡೆ ತಾರ ಹೆಚ್ಚಿಸಿ, ಒಂದು ಬದಿಯನ್ನು ಕೂದಲೆಳೆಯಷ್ಟು ತಡಮಾಡಿ, ಹುಸಿ ಸ್ಟೀರಿಯೊ ಮಾಡಿ ಮಾರಿದವು. ಕ್ಯಾಪಿಟಲ್ ಕಂಪನಿ ಇದಕ್ಕಿಟ್ಟ ಹೆಸರು ಡುಯೊಫೋನಿಕ್. ಕೇಳಿದರೆ ಗಾಯಕರು ಬಾವಿಯೊಳಗೆ ನಿಂತು ಹಾಡಿದಂತಿರುತ್ತದೆ. ಎರಡು ವಾಹಿನಿಗಳನ್ನು ಕೂಡಿಸಿ ಮೊನೊ ಮಾಡಿದರೂ ತಡವಾದ ಅಲೆ ಇನ್ನೊಂದನ್ನು ಅಲ್ಲಲ್ಲಿ ಅಳಿಸುವುದರಿಂದ ಮೂಲ ದನಿ ಮರಳುವುದಿಲ್ಲ. 1957ಕ್ಕೆ ಹಿಂದಿನ ಗಾಯನಕ್ಕೆ ಮೊನೊ ಪ್ರತಿಯನ್ನೇ ಹುಡುಕಿ, ಅದು ಅಗ್ಗವೂ ಆಗಿದ್ದರೆ ಇನ್ನೂ ಒಳ್ಳೆಯದು ಎಂಬುದು ನಮ್ಮ ಸಲಹೆ.

ಲ್ಯಾಟಿನ್ ಸಂಗೀತದ ತಟ್ಟೆಗಳದ್ದು ಬೇರೆಯೇ ಲೋಕ. ಜಾಜ್ ಕೇಳುಗರು ಕುರ್ಚಿಯಲ್ಲಿ ಕೂತು ಕೇಳಿದರು. ಮಾಂಬೊ, ಚಾಚಾಚಾ, ಬೂಗಲೂ, ಸಾಲ್ಸಾ ಇರುವುದು ಕುಣಿಯಲು. ಹವಾನಾದ ಪನಾರ್ಟ್, ನ್ಯೂಯಾರ್ಕಿನಲ್ಲಿ 1964ರಲ್ಲಿ ಜಾನಿ ಪಚೆಕೊ ಮತ್ತು ಜೆರಿ ಮಸೂಚಿ ಕಟ್ಟಿದ ಫಾನಿಯಾ, ಇವುಗಳ ತಟ್ಟೆಗಳು ಮದುವೆ ಮನೆಗಳಲ್ಲಿ, ಬೀದಿ ಹಬ್ಬಗಳಲ್ಲಿ, ಭಾರವಾದ ಮುಳ್ಳಿನ ಅಗ್ಗದ ಯಂತ್ರಗಳಲ್ಲಿ ನೂರಾರು ಸಲ ತಿರುಗಿವೆ. ಗೀರಿಲ್ಲದ ಪ್ರತಿ ಸಿಕ್ಕರೆ ಅದನ್ನು ಯಾರೂ ಪ್ರೀತಿಸಲಿಲ್ಲವೇನೋ ಎನ್ನಬೇಕು.

ಕೊಲಂಬಿಯಾ ದೇಶದ ಕಾಲಿ ನಗರದಲ್ಲಿ ಕುಣಿಯುವವರಿಗೆ ನ್ಯೂಯಾರ್ಕಿನಿಂದ ಬಂದ ಬೂಗಲೂ ತೀರಾ ನಿಧಾನ ಎನಿಸಿತು. 1960ರ ದಶಕದಲ್ಲಿ ಅವರು 33ರ ತಟ್ಟೆಗಳನ್ನು 45ರ ವೇಗದಲ್ಲಿ ತಿರುಗಿಸತೊಡಗಿದರು. ಲೆಕ್ಕ ಹಾಕಿದರೆ ಇದು 35 ಶೇಕಡಾ ಹೆಚ್ಚು ವೇಗ, ಶ್ರುತಿಯೂ ಐದು ಸ್ವರಸ್ಥಾನದಷ್ಟು ಮೇಲೆ. ಗಾಯಕರ ದನಿ ಗಿಣಿಯ ದನಿಯಾಯಿತು, ಕಾಲು ಮಾತ್ರ ನಿಲ್ಲಲಿಲ್ಲ. ಕಾಲಿಯ ಸಾಲ್ಸಾ ಕುಣಿತ ಇಂದಿಗೂ ಪಾದಗಳ ಮಿಂಚಿನ ವೇಗಕ್ಕೆ ಹೆಸರಾಗಿರುವುದರ ಹಿಂದೆ ಈ ತಪ್ಪು ವೇಗದ ಪಾತ್ರವಿದೆ. ಡಿಸೆಂಬರಿನ ನಗರೋತ್ಸವದಲ್ಲಿ ಅಲ್ಲಿನ ಸಂಗ್ರಹಕಾರರು ತಟ್ಟೆಗಳನ್ನು ತಂದು ಊರಿಗೆಲ್ಲ ಕೇಳಿಸುತ್ತಾರೆ. ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವ ಸಂಗ್ರಹಕ್ಕಿಂತ ಇದು ನಮಗೆ ಹೆಚ್ಚು ಇಷ್ಟ.

ಸಂಗ್ರಹಕಾರರ ಹುಚ್ಚನ್ನು ನಕ್ಕು ತಳ್ಳಿಹಾಕುವಂತೆಯೂ ಇಲ್ಲ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬೆಂಕಿ ಬಿದ್ದು ಮೂಲ ಟೇಪುಗಳ ಉಗ್ರಾಣ ಸುಟ್ಟಿತು. ಅಲ್ಲಿ ಟೇಪುಗಳೂ ಸುಟ್ಟುಹೋದ ವಿಚಾರ ವ್ಯಾಪಕವಾಗಿ ಹೊರಬಿದ್ದದ್ದು 2019ರಲ್ಲಿ. ಎಷ್ಟು ಹಾನಿ ಎಂಬುದರ ಬಗ್ಗೆ ಕಂಪನಿಗೂ ಪತ್ರಿಕೆಗಳಿಗೂ ಜಗಳವಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗಾಗಿ ಹೊರತಂದ 'ವಿ-ಡಿಸ್ಕ್' ತಟ್ಟೆಗಳನ್ನು, ವ್ಯಾಪಾರಕ್ಕೆ ಬಳಸಬಾರದೆಂಬ ಒಪ್ಪಂದದಂತೆ, ಯುದ್ಧ ಮುಗಿದ ಮೇಲೆ ಬೇಕೆಂದೇ ನಾಶ ಮಾಡಿದರು. ಸೈನಿಕರು ಚೀಲದಲ್ಲಿ ಬಚ್ಚಿಟ್ಟು ಮನೆಗೆ ತಂದವುಗಳಿಂದಲೇ ಆ ಕಾಲದ ಎಷ್ಟೋ ಜಾಜ್ ಉಳಿದಿದೆ. ಮೂಲ ಟೇಪು ಇಲ್ಲದಿದ್ದಾಗ ಯಾರದೋ ಮನೆಯ ತಟ್ಟೆಯೇ ಮೂಲವಾಗುತ್ತದೆ.

ನಮ್ಮಲ್ಲಿ ಕೊಳ್ಳುವವರಿಗೆ ಒಂದೆರಡು ಮಾತು. ಮಾರುವವರು ಬಳಸುವ ದರ್ಜೆಪಟ್ಟಿಯಲ್ಲಿ 'ಗುಡ್' ಎಂದರೆ ಗುಡ್ ಅಲ್ಲ, ಕರಕರ ಸದ್ದು ಖಂಡಿತ ಎಂದರ್ಥ. 'ವೆರಿ ಗುಡ್ ಪ್ಲಸ್'ಗಿಂತ ಕೆಳಗಿನದನ್ನು ಕೇಳದೆ ಕೊಳ್ಳಬೇಡಿ. ದರ್ಜೆ ಕೊಡುವುದು ಕಣ್ಣಿನಿಂದ, ಆದರೆ ಭಾರದ ಮುಳ್ಳು ಸವೆಸಿದ ಜಾಡು ಕಣ್ಣಿಗೆ ಹೊಳೆಯುತ್ತಲೇ ಇರುತ್ತದೆ. 180 ಗ್ರಾಂ ತೂಕದ ಹೊಸ ತಟ್ಟೆ ಎಂದ ಮಾತ್ರಕ್ಕೆ ಹೆಚ್ಚು ಕೊಡಬೇಕಿಲ್ಲ. ಜಾಡಿನ ಆಳ ಕೂದಲಿನ ದಪ್ಪವನ್ನೂ ಮೀರುವುದಿಲ್ಲ, ಅದರ ಕೆಳಗಿರುವ ಪ್ಲಾಸ್ಟಿಕ್ಕು ಹಾಡುವುದಿಲ್ಲ. ಹೆಸರಾಂತ ಆಲ್ಬಮ್ಮುಗಳ ಹಿಂದೆಯೇ ಬೀಳಬೇಕೆಂದೂ ಇಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ ನುಡಿಸಿದ, ಆರ್.ಎ. ರಮಾಮಣಿ ಹಾಡಿದ 'ಜ್ಯೋತಿ' ಆಲ್ಬಮ್ಮನ್ನು ಮ್ಯೂನಿಕ್ಕಿನ ಇಸಿಎಂ ಕಂಪನಿ 1983ರಲ್ಲಿ ತಂದಿತು. ಜಾಜ್ ಸಂಗ್ರಹ ಶುರುಮಾಡುವ ಕನ್ನಡಿಗರಿಗೆ ಅದಕ್ಕಿಂತ ಒಳ್ಳೆಯ ಮೊದಲ ತಟ್ಟೆ ನಮಗೆ ತೋಚುವುದಿಲ್ಲ.

ಮನೆಗೆ ತಂದ ಮೇಲೆ ತಟ್ಟೆಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಮೊದಲು ಹಿಡಿಯುವುದು ಕಾಗದದ ಒಳಲಕೋಟೆಗೆ, ಅಲ್ಲಿಂದ ಜಾಡಿಗೆ. ಒಳಲಕೋಟೆಯನ್ನು ಪಾಲಿಥೀನ್ ಇರುವುದಕ್ಕೆ ಬದಲಿಸಿ. ಮೆತ್ತಗಿನ ಪಿ.ವಿ.ಸಿ. ಹೊದಿಕೆ ಮಾತ್ರ ಬೇಡ, ಅದರ ರಾಸಾಯನಿಕ ತಟ್ಟೆಗೆ ಇಳಿದು ಅಳಿಸಲಾಗದ ಮಂಜು ಕೂರಿಸುತ್ತದೆ. ತೊಳೆಯಲು ಬಟ್ಟಿ ಇಳಿಸಿದ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್ ಸಾಕು. ಬ್ರಷ್ ಜಾಡಿನ ದಿಕ್ಕಿನಲ್ಲೇ ಓಡಲಿ.

ಅಜ್ಜನ ಕಾಲದ 78 ವೇಗದ ಗಡುಸು ಪ್ಲೇಟುಗಳು ಪೆಟ್ಟಿಗೆಯಲ್ಲಿದ್ದರೆ ಅವು ವಿನೈಲ್ ಅಲ್ಲ, ಅರಗು ಬೆರೆಸಿ ಮಾಡಿದವು. ಜಗತ್ತಿಗೆ ಆ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದಲೇ. ವಿನೈಲ್ ತೊಳೆಯಲು ಅಂಗಡಿಯಲ್ಲಿ ಸಿಗುವ ಆಲ್ಕೊಹಾಲ್ ಬೆರೆತ ದ್ರಾವಣವನ್ನು ಅವುಗಳ ಮೇಲೆ ಹಾಕಬೇಡಿ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ, ಹಾಡೂ ಅದರ ಜೊತೆಗೇ ಹೋಗುತ್ತದೆ.